ಅಟ್ಟದಿಂದ ಇಳಿದ ಪ್ಲೇಟುಗಳು ಮತ್ತು ಅವುಗಳ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಮನೆಗೆ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಹಿಡಿದು ಜನ ಬರುತ್ತಿರುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಹಳೆ ಮನೆ ಬಿಚ್ಚುವಾಗ ಅಟ್ಟದಲ್ಲಿ ಸಿಕ್ಕವು ಅವು. ಕೆಲವರು ಕಂಬಳಿಯಲ್ಲಿ ಸುತ್ತಿ ತರುತ್ತಾರೆ, ಕೆಲವರು ಅಡಿಕೆ ಚೀಲದಲ್ಲಿ ಹಾಗೇ ಹಾಕಿಕೊಂಡು ಬರುತ್ತಾರೆ. ಕಾಫಿ ಕುಡಿಯುತ್ತ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹಾಗಾಗಿ ಬರೆದಿಡುತ್ತಿದ್ದೇನೆ.

ಎಂತಕ್ಕೆ 78, 45, 33 ಅಂತ ಮೂರು ಮೂರು ವೇಗ? ಒಂದೇ ಇಟ್ಟಿದ್ದರೆ ಆಗುತ್ತಿರಲಿಲ್ಲವಾ?

ಈ ಸಂಖ್ಯೆಗಳು ಪ್ಲೇಟು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಪ್ಲೇಟಿನ ಮೇಲಿರುವುದು ಒಂದೇ ಒಂದು ಗೆರೆ. ಹೊರ ಅಂಚಿನಲ್ಲಿ ಹೊರಟು ಸುತ್ತುತ್ತ ಸುತ್ತುತ್ತ ಒಳಗೆ ಬರುವ ಸಣ್ಣ ಕಾಲುವೆ ಅದು. ಅದರ ಎರಡೂ ದಂಡೆ ಹಾವಿನ ಹಾಗೆ ಅಂಕುಡೊಂಕು. ಆ ಅಂಕುಡೊಂಕೇ ಹಾಡು. ಮುಳ್ಳು ಆ ದಾರಿಯಲ್ಲಿ ಹೋಗುತ್ತ ಅತ್ತಿತ್ತ ಅಲುಗುತ್ತದೆ, ಆ ಅಲುಗಾಟವೇ ನಮಗೆ ಕೇಳುವ ಸದ್ದು.

ಪ್ಲೇಟು ಜೋರಾಗಿ ತಿರುಗಿದರೆ ಒಂದು ಸೆಕೆಂಡಿನ ಹಾಡಿಗೆ ಉದ್ದನೆಯ ದಾರಿ ಸಿಗುತ್ತದೆ. ತಿರುವುಗಳು ಬಿಡಿಬಿಡಿಯಾಗಿರುತ್ತವೆ, ಮುಳ್ಳು ಸಲೀಸಾಗಿ ಓಡುತ್ತದೆ, ಸ್ವರ ಸ್ಪಷ್ಟವಾಗಿರುತ್ತದೆ. ಆದರೆ ದಾರಿ ಬೇಗ ಮುಗಿದುಹೋಗುತ್ತದೆ. ನಿಧಾನ ತಿರುಗಿಸಿದರೆ ಹೆಚ್ಚು ಹೊತ್ತು ಹಾಡು ಸಿಗುತ್ತದೆ. ಅದೇ ಹಾಡನ್ನು ಕಡಿಮೆ ಜಾಗದಲ್ಲಿ ಒತ್ತಿ ಬರೆಯಬೇಕು, ತಿರುವುಗಳು ಕಡಿದಾಗುತ್ತವೆ. ಆಗುಂಬೆ ಘಾಟಿಯಲ್ಲಿ ಬೈಕು ಹೇಗೋ ತಿರುಗಿಬಿಡುತ್ತದೆ, ಉದ್ದನೆಯ ಲಾರಿ ತಿರುಗುವುದಿಲ್ಲವಲ್ಲ, ಹಾಗೆ ದಪ್ಪ ಮುಳ್ಳು ಕಡಿದಾದ ತಿರುವಿನೊಳಗೆ ಇಳಿಯುವುದಿಲ್ಲ.

ಲೆಕ್ಕದಲ್ಲಿ ನೋಡಿ. 10 ಇಂಚಿನ 78ರ ಪ್ಲೇಟಿನಲ್ಲಿ ಮೂರು ನಿಮಿಷಕ್ಕೆ ಮುಳ್ಳು ಸುಮಾರು 125 ಮೀಟರ್ ನಡೆಯುತ್ತದೆ. 33ರ ವೇಗದಲ್ಲಿ ಹೆಚ್ಚು ಹೊತ್ತು ಹಾಡುವ 12 ಇಂಚಿನ ಪ್ಲೇಟು, ಅಂದರೆ ಎಲ್‌ಪಿಯ ಒಂದು ಮಗ್ಗುಲಲ್ಲಿ 22 ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್. ಅಂದರೆ ಎಲ್‌ಪಿಯ ದಾರಿ ನಾಲ್ಕು ಪಟ್ಟು ಉದ್ದ, ಮುಳ್ಳಿನ ನಡಿಗೆ ಮಾತ್ರ 78ರದ್ದರ ಅರ್ಧ. ಸಮಯ ಬೇಕೋ ಸ್ಪಷ್ಟತೆ ಬೇಕೋ ಎಂಬ ಈ ಚೌಕಾಸಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮುಳ್ಳು ಮತ್ತು ವಸ್ತುಗಳ ಮೇಲೆ ಮೂರು ಸಲ ನಡೆಯಿತು. ಮೂರು ವೇಗ ಬಂದದ್ದು ಹಾಗೆ.

78 ಎಂಬ ಸಂಖ್ಯೆಯೇ ಯಾಕೆ? 75, 80 ಯಾಕಲ್ಲ?

ಮೊದಲು ಯಾವ ಸಂಖ್ಯೆಯೂ ಗಟ್ಟಿಯಾಗಿರಲಿಲ್ಲ. ಎಮಿಲ್ ಬರ್ಲಿನರ್ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದರು. ಶುರುವಿನ ಯಂತ್ರಗಳನ್ನು ಕೈಯಲ್ಲೇ ತಿರುಗಿಸಬೇಕಿತ್ತು, ತಿರುಗಿಸುವವನ ಕೈ ಹೇಗೋ ಹಾಡು ಹಾಗೆ. ಆಮೇಲೆ ಎಲ್ಡ್ರಿಜ್ ಜಾನ್ಸನ್ ಸ್ಪ್ರಿಂಗಿನ ಮೋಟಾರು ಮಾಡಿಕೊಟ್ಟರು. ಕೀ ಕೊಟ್ಟರೆ ಒಂದೇ ಸಮನೆ ತಿರುಗುವ ಪೆಟ್ಟಿಗೆ ಬಂದದ್ದು ಅಲ್ಲಿಂದ. ಆದರೂ ಒಂದು ಕಂಪನಿ 75ರ ಹತ್ತಿರ ಮುದ್ರಿಸಿದರೆ ಇನ್ನೊಂದು 80 ಎನ್ನುತ್ತಿತ್ತು. ಎಡಿಸನ್ ಕಂಪನಿಯ ತಟ್ಟೆಗಳು 80 ಸುತ್ತಿನವು. ಪಾಥೆ ಕಂಪನಿಯ ಹಳೆಯ ತಟ್ಟೆಗಳು 90ನ್ನೂ ದಾಟುತ್ತಿದ್ದವು.

1925ರ ಸುಮಾರಿಗೆ ಮೈಕಿನಿಂದ, ವಿದ್ಯುತ್ತಿನಿಂದ ಧ್ವನಿ ಮುದ್ರಿಸುವುದು ಶುರುವಾಯಿತು. ಆಗ ಮೋಟಾರು ಕರೆಂಟಿನ ಲಯಕ್ಕೆ ಕಟ್ಟುಬಿತ್ತು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತ. ಅದರ ಮೇಲೆ ಓಡುವ ಮೋಟಾರು ನಿಮಿಷಕ್ಕೆ 3600 ಸುತ್ತು. ಅದನ್ನು 46ಕ್ಕೆ 1ರ ಹಲ್ಲುಗಾಲಿಯಿಂದ ಇಳಿಸಿದರೆ 78.26. ಬ್ರಿಟನ್ನಿನಲ್ಲಿ, ನಮ್ಮಲ್ಲೂ, 50 ಆವರ್ತ. 3000 ಸುತ್ತನ್ನು ಅಲ್ಲಿಗೆ ತಕ್ಕ ಬೇರೆ ಹಲ್ಲುಗಾಲಿಯಿಂದ ಇಳಿಸಿದರೆ ಹತ್ತಿರ ಸಿಗುವುದು 77.92. ಎರಡಕ್ಕೂ ಸೇರಿ ಬಾಯಿಮಾತಿನಲ್ಲಿ ಉಳಿದದ್ದು 78. ಅದು ಆಗಲೇ ರೂಢಿಯಲ್ಲಿದ್ದ ವೇಗಗಳ ನಡುವೆ ಗಾಲಿಯ ಹಲ್ಲಿಗೆ ಹೊಂದಿಕೊಂಡ ಸಂಖ್ಯೆ, ಅಷ್ಟೇ.

ಆದರೆ ಜೋರಾಗಿ ತಿರುಗಲೇಬೇಕಿದ್ದ ಕಾರಣ ಪ್ಲೇಟಿನ ಮೈಯಲ್ಲೇ ಇದೆ. ಆ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಪಾಂಡವರ ಅರಗಿನ ಮನೆ, ಅರಗಿನ ಬಳೆ ಎನ್ನುತ್ತೇವಲ್ಲ, ಅದೇ ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಬದುಕುವ ಸಣ್ಣ ಹುಳದ ಅಂಟು. ಪ್ರಪಂಚದ ಗ್ರಾಮಫೋನ್ ಪ್ಲೇಟುಗಳಿಗೆ ಬಹುಪಾಲು ಅರಗು ಹೋದದ್ದು ನಮ್ಮ ದೇಶದಿಂದಲೇ, ಅದರಲ್ಲೂ ಛೋಟಾನಾಗಪುರದ ಕಾಡುಗಳಿಂದ. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಗೆ ತಿಕ್ಕಿ ಸವೆದು ಗೆರೆಯ ಆಕಾರಕ್ಕೆ ಬರಬೇಕು ಅಂತ. ಹಳೆ ಪ್ಲೇಟಿನಲ್ಲಿ ಸಣ್ಣ ಮಳೆ ಬಿದ್ದ ಹಾಗೆ ಕೇಳುವ ಚರಚರ ಸದ್ದು ಆ ಕಲ್ಲಿನದ್ದೇ. ಇಷ್ಟು ಒರಟು ಮೈಯಲ್ಲಿ ಸಣ್ಣ ಗೆರೆ ನಿಲ್ಲುವುದಿಲ್ಲ. ಗೆರೆ ಅಗಲ, ಮುಳ್ಳಿನ ತುದಿ ಸುಮಾರು 0.076 ಮಿಲಿಮೀಟರ್ ತ್ರಿಜ್ಯದ್ದು. ಆ ದಪ್ಪ ಮುಳ್ಳಿಗೆ ಸಣ್ಣ ಸ್ವರಗಳೂ ಸಿಗಬೇಕೆಂದರೆ ದಾರಿ ಜೋರಾಗಿ ಸರಿಯಲೇಬೇಕು.

ಮೂರು ನಿಮಿಷದಲ್ಲಿ ಎಂತ ಹಾಡುತ್ತಿದ್ದರು?

ಇದನ್ನು ಕೇಳುವವರ ಮೇಲೆ ನನಗೆ ವಿಶೇಷ ಪ್ರೀತಿ. 10 ಇಂಚಿನ ಪ್ಲೇಟಿನಲ್ಲಿ ಮೂರು ನಿಮಿಷದ ಆಚೀಚೆ, 12 ಇಂಚಿನದ್ದರಲ್ಲಿ ನಾಲ್ಕು ನಾಲ್ಕೂವರೆ. ರಾತ್ರಿಯಿಡೀ ರಾಗ ಬೆಳೆಸುತ್ತಿದ್ದವರು ಆಲಾಪನೆಯನ್ನು ಅರ್ಧ ನಿಮಿಷಕ್ಕೆ ಇಳಿಸಬೇಕಾಯಿತು. ನಾನು ಕೇಳಿದ ಕೆಲವು ಪ್ಲೇಟುಗಳಲ್ಲಿ ಒಂದು ಮಗ್ಗುಲಿಗೆ ಪಲ್ಲವಿ, ಅನುಪಲ್ಲವಿ. ಚರಣ ಕೇಳಲು ಪ್ಲೇಟು ಮಗುಚಬೇಕು. ಆದರೂ ಆ ಮೂರು ನಿಮಿಷದಲ್ಲಿ ಒಂದು ಅಕ್ಷರ, ಒಂದು ಗಮಕ ದಂಡವಾಗಿರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಳೆಯ 78ಗಳನ್ನು ಕೇಳಿ. ಪೂರ್ತಿ ರಾಗದ ಮುಖ ಕಾಣುತ್ತದೆ.

ನಮ್ಮ ದೇಶದಲ್ಲಿ ಇದು ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿಕೊಂಡು ಹೋದರು. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದ್ದು ಯಾರೆಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಕಲಾವಿದರು ತಮ್ಮ ಹೆಸರು ಹೇಳುತ್ತಿದ್ದರು. ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಆ ಪ್ಲೇಟುಗಳಲ್ಲಿ ಅವರು ಹೆಸರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಮೈಸೂರು ನೆನಪಾಗುತ್ತದೆ.

ಹಾಗಾದರೆ 33? ಅದರ ಪಕ್ಕ ⅓ ಬೇರೆ ಇದೆಯಲ್ಲ?

ಅದು ಸಿನಿಮಾದಿಂದ ಬಂದದ್ದು. 1926ರಲ್ಲಿ ಅಮೆರಿಕದಲ್ಲಿ ವೈಟಾಫೋನ್ ಎಂಬ ಪದ್ಧತಿ ಬಂತು. ಚಿತ್ರ ರೀಲಿನಲ್ಲಿ, ಸದ್ದು ಪ್ಲೇಟಿನಲ್ಲಿ, ಎರಡನ್ನೂ ಒಟ್ಟಿಗೆ ಓಡಿಸುವುದು. ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ರೀಲು ಮುಗಿಯುವವರೆಗೆ ಪ್ಲೇಟೂ ಓಡಬೇಕು. 78ರಲ್ಲಿ ಅದು ಆಗದ ಮಾತು. ಪ್ಲೇಟನ್ನು 16 ಇಂಚಿಗೆ ದೊಡ್ಡದು ಮಾಡಿ ವೇಗವನ್ನು 33⅓ಕ್ಕೆ ಇಳಿಸಿದರು. 3600ನ್ನು 108ರಿಂದ ಭಾಗಿಸಿದರೆ ಸರಿಯಾಗಿ 33⅓. ನಮ್ಮ 50 ಆವರ್ತದ ಕರೆಂಟಿನಲ್ಲೂ 3000ವನ್ನು 90ರಿಂದ ಭಾಗಿಸಿದರೆ ಅದೇ. 78ರ ಹಾಗೆ ಎರಡು ದೇಶಕ್ಕೆ ಎರಡು ಲೆಕ್ಕ ಆಗಲಿಲ್ಲ.

ಮನೆಗೆ ಆ ವೇಗ ತರಲು ಆರ್‌ಸಿಎ ವಿಕ್ಟರ್ ಕಂಪನಿ 1931ರಲ್ಲೇ ನೋಡಿತು, ಕೈಕೊಟ್ಟಿತು. ಆಗ ಜನರ ಕೈಯಲ್ಲಿ ದುಡ್ಡಿರಲಿಲ್ಲ, ಅದಕ್ಕೆ ತಕ್ಕ ಹಗುರ ಮುಳ್ಳೂ ಇರಲಿಲ್ಲ. ದಾರಿ ತೆರೆದದ್ದು ವಿನೈಲ್ ಎಂಬ ಪ್ಲಾಸ್ಟಿಕ್ಕು. ಅದರಲ್ಲಿ ಕಲ್ಲುಪುಡಿ ಇಲ್ಲ, ಮೈ ನುಣುಪು, ಚರಚರ ಇಲ್ಲ. ಹಾಗಾಗಿ ಗೆರೆಯನ್ನು ಕೂದಲಿನಷ್ಟು ಸಣ್ಣ ಮಾಡಬಹುದು. ಕೊಲಂಬಿಯಾ ಕಂಪನಿ 1948ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಎಲ್‌ಪಿ ಹೊರತಂದಿತು. ಮುಳ್ಳಿನ ತುದಿ 78ರದ್ದರ ಮೂರನೇ ಒಂದು ಪಾಲು. ಹಿಂದೆ ಒಂದು ಇಂಚಿನಲ್ಲಿ ನೂರರೊಳಗೆ ಹಿಡಿಯುತ್ತಿದ್ದ ಗೆರೆಗಳು ಈಗ 200ನ್ನು ದಾಟಿದವು. ಒಂದು ಮಗ್ಗುಲಿಗೆ 20 ನಿಮಿಷ ಮೀರಿದ ಸಂಗೀತ. ರಾಗ ಮತ್ತೆ ಉಸಿರಾಡಿತು. ಹಿಂದೂಸ್ತಾನಿ ವಿಲಂಬಿತ ಕೇಳುವವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ.

78ರಲ್ಲಿ 33 ಕಳೆದರೆ 45. ಅದಕ್ಕೇ 45 ಅಂತಾರಲ್ಲ, ಹೌದಾ?

ಕಳೆಯುವ ಲೆಕ್ಕ ಸರಿ, ಕಥೆ ಸರಿಯಲ್ಲ. ಎಲ್‌ಪಿ ಬಂದ ಮರುವರ್ಷ, 1949ರಲ್ಲಿ, ಆರ್‌ಸಿಎ ತನ್ನದೇ 7 ಇಂಚಿನ ಸಣ್ಣ ಪ್ಲೇಟು ತಂದಿತು. ಒಂದೊಂದು ಹಾಡಿಗೆ ಒಂದೊಂದು ಮಗ್ಗುಲು. ಹತ್ತಾರು ಪ್ಲೇಟು ಒಂದರ ಮೇಲೊಂದು ಇಟ್ಟರೆ ಯಂತ್ರವೇ ಬೀಳಿಸಿಕೊಂಡು ಹಾಡಿಸುತ್ತಿತ್ತು. ನಡುವಿನ ದೊಡ್ಡ ತೂತು, ಒಂದೂವರೆ ಇಂಚಿನದ್ದು, ಅದಕ್ಕಾಗಿಯೇ.

ವೇಗದ ಹಿಂದಿನ ಲೆಕ್ಕ ಚೆಂದವಿದೆ. ಪ್ಲೇಟಿನ ಒಳಕ್ಕೆ ಹೋದಷ್ಟೂ ಸುತ್ತು ಸಣ್ಣದು, ದಾರಿ ನಿಧಾನ, ಸ್ವರ ಕೆಡುವ ಜಾಗವೇ ಅದು. ತೀರಾ ಒಳಗಿನವರೆಗೆ ಬರೆದರೆ ಅಲ್ಲಿ ಸ್ವರ ಕೆಡದಿರಲು ಪ್ಲೇಟನ್ನು ಜೋರಾಗಿ ತಿರುಗಿಸಬೇಕು, ಆಗ ಸಮಯ ಹೋಗುತ್ತದೆ. ಹೊರಗೇ ನಿಲ್ಲಿಸಿದರೆ ನಿಧಾನ ತಿರುಗಿಸಬಹುದು, ಆದರೆ ಜಾಗವೇ ಸಾಲದು. ಒಂದೇ ಉದ್ದದ ಹಗ್ಗದಲ್ಲಿ ನಾಲ್ಕು ಮೂಲೆಯ ಜಾಗ ಸುತ್ತುವರಿಯಲು ಹೋದರೆ ಚೌಕ ಮಾಡಿದಾಗಲೇ ಹೆಚ್ಚು ಜಾಗ ಸಿಗುತ್ತದಲ್ಲ, ಇದೂ ಅದೇ ಗಣಿತ. ಒಳಗಿನ ಕೊನೆಯ ಸುತ್ತಿನ ಅಗಲ ಹೊರಗಿನದ್ದರ ಅರ್ಧವಾದಾಗ ಸಮಯ ಅತಿ ಹೆಚ್ಚು ಸಿಗುತ್ತದೆ. 7 ಇಂಚಿನ ಪ್ಲೇಟಿನ ಲೇಬಲ್ ಅಳೆದು ನೋಡಿ: ಮೂರೂವರೆ ಇಂಚು. ಆ ಅಳತೆಯೊಳಗೆ ಐದು ನಿಮಿಷದಷ್ಟು ಹಾಡು ಕೆಡದೆ ಕೂರಬೇಕೆಂದು ಲೆಕ್ಕ ಹಾಕಿದಾಗ ಬಂದ ವೇಗ 45.

ಎರಡು ಕಂಪನಿ, ಎರಡು ವೇಗ. ಯಾವ ಯಂತ್ರ ಕೊಳ್ಳುವುದೆಂದು ತಿಳಿಯದೆ ಜನ ಕೊಳ್ಳುವುದನ್ನೇ ಕಡಿಮೆ ಮಾಡಿದರು. ಒಂದೆರಡು ವರ್ಷಕ್ಕೆ ಕೊಲಂಬಿಯಾ 45 ಮಾಡಿತು, ಆರ್‌ಸಿಎ ಎಲ್‌ಪಿ ಮಾಡಿತು. ಯಂತ್ರ ಮಾಡುವವರು ಮೂರೂ ವೇಗದ ಸನ್ನೆ ಇಟ್ಟರು. ನಮ್ಮಲ್ಲಿ 45 ಎಂದರೆ ಇಪಿ. ಸಿನಿಮಾದ ನಾಲ್ಕು ಹಾಡು, ಮಗ್ಗುಲಿಗೆರಡು. ಮಲೆನಾಡಿನ ಮದುವೆ ಮನೆಗಳಲ್ಲಿ, ಜಾತ್ರೆಯ ಮೈಕುಗಳಲ್ಲಿ ಹಾಡಿದ್ದು ಹೆಚ್ಚಾಗಿ ಇವೇ. ಅಪರೂಪಕ್ಕೆ 7 ಇಂಚಿನ ಪ್ಲೇಟೂ 33ರದ್ದಿರುತ್ತದೆ. ಅಳತೆ ನೋಡಿ ತೀರ್ಮಾನ ಮಾಡಬೇಡಿ, ಲೇಬಲ್ ಓದಿ.

ನಮ್ಮ ಯಂತ್ರದಲ್ಲಿ 16 ಅಂತಲೂ ಇದೆ.

16⅔. ಎಲ್‌ಪಿಯ ಅರ್ಧ. ಮಾತಿಗೆ ಸಾಕು, ಸಂಗೀತಕ್ಕೆ ಸಾಲದು. ಕುರುಡರಿಗಾಗಿ ಓದಿದ ಪುಸ್ತಕಗಳಿಗೆ ಬಳಸಿದರು. 1956ರಲ್ಲಿ ಕ್ರೈಸ್ಲರ್ ಕಂಪನಿ ಕಾರಿನಲ್ಲಿ ಹಾಡಿಸಲೂ ಬಳಸಿತು. ನನ್ನ ಕೈಗೆ ಆ ವೇಗದ ಪ್ಲೇಟು ಒಂದೂ ಬಂದಿಲ್ಲ.

ವೇಗ ತಪ್ಪಿದರೆ ಅಷ್ಟೇನು ನಷ್ಟ? ಹಾಡು ಗೊತ್ತಾಗುತ್ತದಲ್ಲ.

ಗೊತ್ತಾಗುತ್ತದೆ, ಆದರೆ ಹಾಡಿದವರು ಬೇರೆಯವರಾಗಿಬಿಡುತ್ತಾರೆ. ಎಲ್‌ಪಿಯನ್ನು 45ರಲ್ಲಿ ಹಾಕಿದರೆ ಷಡ್ಜ ಹೆಚ್ಚುಕಡಿಮೆ ಶುದ್ಧ ಮಧ್ಯಮದ ಜಾಗಕ್ಕೆ ಏರುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದರ ಶ್ರುತಿ ಬಿಳಿ ನಾಲ್ಕಕ್ಕೆ. 22 ನಿಮಿಷದ ಹಾಡು 16 ನಿಮಿಷ ಚಿಲ್ಲರೆಗೆ ಮುಗಿದುಹೋಗುತ್ತದೆ. ಇದು ಯಾರಿಗಾದರೂ ಕಿವಿಗೆ ಬೀಳುತ್ತದೆ. ನನಗೆ ಚಿಂತೆ ಸಣ್ಣ ತಪ್ಪುಗಳದ್ದು. 72ರಲ್ಲಿ ಮುದ್ರಿಸಿದ ಹಳೆಯ ಪ್ಲೇಟನ್ನು 78ರಲ್ಲಿ ಹಾಕಿದರೆ ಬಿಳಿ ಒಂದು ಕಪ್ಪು ಒಂದನ್ನೂ ದಾಟುತ್ತದೆ. ಗಂಡಸಿನ ದನಿ ತೆಳ್ಳಗಾಗುತ್ತದೆ, ತಾನಗಳು ಅಮಾನುಷ ಚುರುಕಾಗಿ ಕೇಳುತ್ತವೆ. ಅದನ್ನೇ ಕೇಳಿ "ಆಗಿನವರು ಹಾಗೆ ಹಾಡುತ್ತಿದ್ದರು" ಎಂದು ನಾವು ನಂಬಿಬಿಡುತ್ತೇವೆ. ಹಾಡಿದವರು ಇಲ್ಲ, ತಿದ್ದುವವರಿಲ್ಲ.

1925ಕ್ಕಿಂತ ಹಿಂದಿನ ಪ್ಲೇಟಾದರೆ ನಾನು ಹೀಗೆ ಮಾಡುತ್ತೇನೆ. ಕೊನೆಗೆ ಹೆಸರು ಹೇಳುವ ಮಾತಿದ್ದರೆ ಮೊದಲು ಅದನ್ನು ಕೇಳುತ್ತೇನೆ. ಹಾಡಿನ ಶ್ರುತಿಯಲ್ಲಿ ಕಿವಿ ಮೋಸ ಹೋದೀತು, ಮಾತಾಡುವ ದನಿಯಲ್ಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಜೊತೆಗೆ ಹಾರ್ಮೋನಿಯಂ ಇದ್ದರೆ ಇನ್ನೂ ಒಳ್ಳೆಯದು. ಅದರ ಮನೆಗಳು ಅಲುಗುವುದಿಲ್ಲ, ನಮ್ಮ ಮನೆಯ ಹಾರ್ಮೋನಿಯಂ ಜೊತೆ ತಾಳೆ ನೋಡಬಹುದು.

ಎಲ್‌ಪಿ ಬಂದಮೇಲೂ ನಮ್ಮ ಅಜ್ಜಯ್ಯ 78ನ್ನೇ ಕೊಳ್ಳುತ್ತಿದ್ದರಂತೆ. ಎಂತಕ್ಕೆ?

ಕರೆಂಟಿರಲಿಲ್ಲ. ಜೋಗದ ದೊಡ್ಡ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ, ಎಲ್‌ಪಿ ಹುಟ್ಟಿದ ವರ್ಷವೇ. ಆದರೆ ಶರಾವತಿಯ ಕರೆಂಟು ತಂತಿಯ ಮೇಲೆ ದೂರದ ಪೇಟೆಗಳಿಗೆ ಹೋದ ಎಷ್ಟೋ ವರ್ಷಗಳ ಮೇಲೂ ಕಾಡಿನ ನಡುವಿನ ನಮ್ಮ ಒಂಟಿಮನೆಗಳಲ್ಲಿ ಚಿಮಣಿ ದೀಪವೇ ಉರಿಯುತ್ತಿತ್ತು. ಎಲ್‌ಪಿಯ ಸಣ್ಣ ಗೆರೆಯ ಸದ್ದನ್ನು ಕೇಳಿಸಲು ಆಂಪ್ಲಿಫೈಯರ್ ಬೇಕು. 78ಕ್ಕೆ ಕೀ ಕೊಡುವ ತೋಳು ಸಾಕು. ದಪ್ಪ ಗೆರೆ, ಭಾರದ ಮುಳ್ಳು, ತಗಡಿನ ಕಹಳೆ. ಸದ್ದು ಜಗಲಿ ದಾಟಿ ಅಂಗಳಕ್ಕೆ ಕೇಳುತ್ತಿತ್ತು. ಭಾರತದಲ್ಲಿ 1960ರ ದಶಕದಲ್ಲೂ ಅರಗಿನ ಪ್ಲೇಟು ಒತ್ತುತ್ತಿದ್ದದ್ದು ಇಂಥ ಮನೆಗಳಿದ್ದವು ಅಂತಲೇ.

ಕೀ ಕೊಡುವ ಪೆಟ್ಟಿಗೆಯಲ್ಲಿ ಎಲ್‌ಪಿ ಹಾಕಬಹುದಾ?

ಬೇಡ. ದಯವಿಟ್ಟು ಬೇಡ.

ನನಗೆ ಹತ್ತು ವರ್ಷ. ಆಷಾಢದ ಮಳೆ, ಶಾಲೆಗೆ ರಜೆ. ಚಿಕ್ಕಪ್ಪ ಬೆಂಗಳೂರಿನಿಂದ ತಂದಿದ್ದ ಎಲ್‌ಪಿಯನ್ನು ಅಜ್ಜಯ್ಯನ ಪೆಟ್ಟಿಗೆಯ ಮೇಲಿಟ್ಟು ಮುಳ್ಳು ಇಳಿಸಿದೆ. ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಏನೋ ಕಿಚಪಿಚ ಎಂದಿತು, ನಗು ಬಂತು. ಮುಳ್ಳಿನ ಹಿಂದೆ ಕಪ್ಪು ಎಳೆ ಏಳುತ್ತಿದ್ದದ್ದು ಆಮೇಲೆ ಕಂಡಿತು. ಉಕ್ಕಿನ ಮುಳ್ಳು ಗೆರೆಯನ್ನು ಉತ್ತುಹಾಕಿತ್ತು. ಚಿಕ್ಕಪ್ಪ ಬೈಯಲಿಲ್ಲ. ಪ್ಲೇಟು ಎತ್ತಿ ಬೆಳಕಿಗೆ ಹಿಡಿದು, "ಇದು ಈ ಪೆಟ್ಟಿಗೆಯದ್ದಲ್ಲ ಮಾಣಿ" ಎಂದಷ್ಟೇ ಹೇಳಿದರು. ಆ ಮೊದಲ ಐದು ನಿಮಿಷದ ಆಲಾಪನೆ ನಮ್ಮ ಮನೆಯಲ್ಲಿ ಮತ್ತೆ ಯಾರೂ ಕೇಳಲಿಲ್ಲ.

ಪೆಟ್ಟಿಗೆಯಲ್ಲಿ ಮುಳ್ಳು ಸಿಕ್ಕಿಸುವ ಸೌಂಡ್ ಬಾಕ್ಸ್ ನೂರು ಗ್ರಾಂ ಮೀರಿ ಭಾರ ಹಾಕುತ್ತದೆ. ಎಲ್‌ಪಿ ತಾಳುವುದು ಕೆಲವೇ ಗ್ರಾಂ. 78 ಹಾಕುವಾಗಲೂ ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಿ. ಸವೆದ ಮುಳ್ಳು ಉಳಿಯ ಹಾಗೆ ಕೊರೆಯುತ್ತದೆ.

ಒಂದೇ ಪ್ಲೇಟಿನಲ್ಲಿ ಶುರುವಿನ ಹಾಡು ಚೆನ್ನಾಗಿ, ಕೊನೆಯದ್ದು ಸ್ವಲ್ಪ ಒಡೆದ ಹಾಗೆ ಕೇಳುತ್ತದೆ.

ಮುಳ್ಳಿನ ಕೆಳಗೆ ದಾರಿ ಸರಿಯುವ ವೇಗ ಎಲ್‌ಪಿಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್, ಒಳಗೆ ಬಂದಾಗ 21. ಸೆಕೆಂಡಿಗೆ ಹತ್ತು ಸಾವಿರ ಸಲ ಅಲುಗುವ ಸಣ್ಣ ಸದ್ದಿಗೆ ಹೊರಗೆ 0.05 ಮಿಲಿಮೀಟರ್ ಉದ್ದ ಸಿಕ್ಕರೆ ಒಳಗೆ 0.02. ಮುಳ್ಳಿನ ತುದಿಯೇ ಹೆಚ್ಚುಕಡಿಮೆ ಅಷ್ಟು ದಪ್ಪ. ಒಳಗೆ ಹೋದಂತೆ ಯಂತ್ರ ಜೋರು ತಿರುಗಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಸಿ.ಡಿ. ಹಾಗೇ ಮಾಡುತ್ತದೆ, ಒಳಗಿನ 500 ಸುತ್ತಿನಿಂದ ಹೊರಗಿನ 200ರವರೆಗೆ ತನ್ನ ವೇಗ ತಾನೇ ಬದಲಿಸಿಕೊಳ್ಳುತ್ತದೆ. ಗಾಲಿ, ಬೆಲ್ಟಿನ ಕಾಲದಲ್ಲಿ ಮನೆಯ ಯಂತ್ರಕ್ಕೆ ಅದು ಸಾಧ್ಯವಿರಲಿಲ್ಲ.

ನಮ್ಮ ಯಂತ್ರದ ವೇಗ ಸರಿ ಇದೆಯೋ ಇಲ್ಲವೋ ನೋಡುವುದು ಹೇಗೆ?

ಪಟ್ಟೆ ಬರೆದ ರಟ್ಟಿನ ಬಿಲ್ಲೆ ಬರುತ್ತದೆ, ಮನೆಯಲ್ಲೂ ಬರೆದುಕೊಳ್ಳಬಹುದು. ನಮ್ಮ 50 ಆವರ್ತದ ಕರೆಂಟಿನಲ್ಲಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸುತ್ತಲೂ 180 ಪಟ್ಟೆ ಬರೆದರೆ 33⅓ರಲ್ಲಿ ಅವು ನಿಂತ ಹಾಗೆ ಕಾಣುತ್ತವೆ. 45ಕ್ಕೆ 133 ಪಟ್ಟೆ, 78ಕ್ಕೆ 77. ಪಟ್ಟೆಗಳು ತಿರುಗುವ ದಿಕ್ಕಿಗೇ ತೇಲಿದರೆ ವೇಗ ಹೆಚ್ಚು, ಹಿಂದಕ್ಕೆ ತೇಲಿದರೆ ಕಡಿಮೆ. ಎಲ್‌ಇಡಿ ಬಲ್ಬಿನಲ್ಲಿ ಇದು ಸರಿಯಾಗಿ ಕಾಣುವುದಿಲ್ಲ. ಕೀ ಪೆಟ್ಟಿಗೆಯಾದರೆ ಒಳಗೆ ವೇಗವನ್ನು ಹತೋಟಿಯಲ್ಲಿಡುವ ಗವರ್ನರಿನ ಹಳೆಯ ಗ್ರೀಸು ಗಟ್ಟಿಯಾಗಿರುತ್ತದೆ. ಚಳಿಗಾಲದ ಬೆಳಗ್ಗೆ ಅದು ನಿಧಾನವಾಗುವುದು ಅದಕ್ಕೇ. ಮೊದಲು ಅದನ್ನು ತೊಳೆಸಿ, ಆಮೇಲೆ ವೇಗದ ತಿರುಪು ಮುಟ್ಟಿ.

ಹೊಸ ಯಂತ್ರದಲ್ಲಿ 78 ಇಲ್ಲ. ಅಪ್ಪಯ್ಯನ ಪ್ಲೇಟನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕು.

ಆಗುತ್ತದೆ. 78ರ ದಪ್ಪ ಮುಳ್ಳನ್ನು ಹಾಕಿಸಿಕೊಂಡು 45ರಲ್ಲಿ ಓಡಿಸಿ ಮುದ್ರಿಸಿಕೊಳ್ಳಿ, ಕಂಪ್ಯೂಟರಿನಲ್ಲಿ ವೇಗವನ್ನು 1.733 ಪಟ್ಟು ಮಾಡಿ. ಮುಳ್ಳು ಮುಖ್ಯ. ಎಲ್‌ಪಿಯ ಸಣ್ಣ ಮುಳ್ಳು 78ರ ಅಗಲ ಗೆರೆಯ ತಳಕ್ಕೆ ಹೋಗಿ ಕೂತು ಧೂಳನ್ನೇ ಓದುತ್ತದೆ. ಆಮೇಲೆ ಶ್ರುತಿಯನ್ನು ಕಿವಿಯಿಂದ ತಾಳೆ ನೋಡಿ. ಸ್ವಚ್ಛ ಮಾಡುವ ಭರದಲ್ಲಿ ಮೂಲ ಪ್ರತಿ ಅಳಿಸಬೇಡಿ.

ಮಳೆಗಾಲಕ್ಕೆ ಪ್ಲೇಟಿನ ಮೇಲೆ ಬೂಷ್ಟು ಬಂದಿದೆ. ಸ್ಪಿರಿಟ್ ಹಾಕಿ ಒರೆಸಲಾ?

ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಲೇಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹಾಡು ಬಟ್ಟೆಗೆ ಬರುತ್ತದೆ. ತಣ್ಣೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆದು ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಲೇಬಲ್ ನೆನೆಯದಂತೆ ನೋಡಿಕೊಂಡು ಬೇಗ ಒರೆಸಿ ನೆರಳಲ್ಲಿ ಆರಿಸಿ. ಅರಗಿನದ್ದೋ ವಿನೈಲೋ ಗೊತ್ತಾಗದಿದ್ದರೆ ಕೈಯಲ್ಲಿ ಹಿಡಿದು ನೋಡಿ: ಅರಗಿನದ್ದು ಭಾರ, ಬಿರುಸು, ಬಗ್ಗುವುದಿಲ್ಲ. ಬಗ್ಗಿಸಿ ಪರೀಕ್ಷೆ ಮಾತ್ರ ಮಾಡಬೇಡಿ, ಮುರಿಯುತ್ತದೆ.

ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಡಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಒಲೆಯ ಹೊಗೆ ಬರುವ ಅಟ್ಟವಂತೂ ಬೇಡ, ಬಿಸಿಗೆ ಸೊಟ್ಟಗಾಗುತ್ತವೆ. ಹಳೆಯ ಕಾಗದದ ಕವರಿಗೆ ಬೂಷ್ಟು ಹಿಡಿದಿದ್ದರೆ ಬೇರೆ ಮಾಡಿಡಿ, ಅದರ ಮೇಲೆ ಅಂಗಡಿಯ ಮೊಹರೋ ಅಜ್ಜಯ್ಯನ ಕೈಬರಹವೋ ಇದ್ದರೆ ಬಿಸಾಡಬೇಡಿ. ಮಳೆ ಹೊಳವಾದ ಮೇಲೆ, ನವರಾತ್ರಿಯ ಹೊತ್ತಿಗೆ, ಎಲ್ಲವನ್ನೂ ಒಮ್ಮೆ ಹೊರತೆಗೆದು ಗಾಳಿಗಿಟ್ಟು ಒಂದೊಂದನ್ನೂ ಅದರದರ ವೇಗದಲ್ಲಿ ಹಾಕಿ ಕೇಳಿ. ಯಾವುದಕ್ಕೆ ಬಿರುಕು ಬಿಟ್ಟಿದೆ, ಯಾವುದು ಸೊಟ್ಟಗಾಗಿದೆ ಎಂಬುದೂ ಆಗಲೇ ಗೊತ್ತಾಗುತ್ತದೆ.